ಅರ್ಧ ರೊಟ್ಟಿ, ಮೂರನೇ ಒಂದು ರೊಟ್ಟಿ

ನಾನು ಬಾಗಲಕೋಟೆ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಬಿಎಸ್ಸಿ ಮುಗಿಸಿದ ನಮ್ಮ ಮಕ್ಕಳ ಕಣ್ಣು ಬ್ಯಾಂಕ್ ಪರೀಕ್ಷೆ ಮೇಲೆ, ಇಲ್ಲಾ ಬೆಂಗಳೂರಿನ ಮೇಲೆ. ಹೈಸ್ಕೂಲ್ ಮಾಸ್ತರ್ ಆಗುತ್ತೇನೆ ಅನ್ನುವವರು ಕಡಿಮೆ. ಮೊದಲ ವರ್ಷ ನಾನು ಕ್ಲಾಸಿನಲ್ಲಿ ನಿಂತು ಭಾಷಣ ಮಾಡಿದೆ. ಒಬ್ಬರೂ ಬರಲಿಲ್ಲ.

ಮರುವರ್ಷ ಮಾತು ಬಿಟ್ಟೆ. ಆರು ಜನರನ್ನು ಶನಿವಾರ ಬೆಳಿಗ್ಗೆ ಹತ್ತಿರದ ಹೈಸ್ಕೂಲಿಗೆ ಕರೆದುಕೊಂಡು ಹೋಗಿ, ಎಂಟನೇ ತರಗತಿಯ ಐದೈದು ಮಕ್ಕಳನ್ನು ಒಬ್ಬೊಬ್ಬರಿಗೆ ಒಪ್ಪಿಸಿದೆ. ಆರಿಸುವಾಗ ಮಾರ್ಕ್ಸ್ ನೋಡಲಿಲ್ಲ, ಪಕ್ಕದವರಿಗೆ ಲೆಕ್ಕ ಬಿಡಿಸಿ ಹೇಳುವ ಅಭ್ಯಾಸ ಯಾರಿಗಿದೆ ಅಂತ ಮಾತ್ರ ನೋಡಿದೆ.

ಅವರಲ್ಲೊಬ್ಬಳು ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ. ಅವಳ ಗುಂಪಿನ ಹುಡುಗ ಅರ್ಧಕ್ಕೆ ಮೂರನೇ ಒಂದು ಕೂಡಿಸಿ 2/5 ಅಂತ ಬರೆದ. ಇವಳು ಒರೆಸಿ 5/6 ಅಂತ ಬರೆದುಕೊಟ್ಟಳು. ವಾಪಸ್ ಬರುವಾಗ ಕೇಳಿದೆ: "ಅವನಿಗೆ 2/5 ಹೇಗೆ ಬಂತಮ್ಮಾ?" "ಕೇಳಲಿಲ್ಲ ಸರ್," ಅಂದಳು. ಮುಂದಿನ ಶನಿವಾರ ಬುತ್ತಿಯಲ್ಲಿ ರೊಟ್ಟಿ ತಂದಳು. ಒಂದನ್ನು ಅರ್ಧ ಮುರಿದಳು, ಇನ್ನೊಂದರಿಂದ ಮೂರನೇ ಒಂದು ಭಾಗ ಮುರಿದು ಪಕ್ಕಕ್ಕಿಟ್ಟಳು. "ನಿನ್ನ 2/5 ಅರ್ಧಕ್ಕಿಂತ ಜಾಸ್ತಿನೋ, ಕಡಿಮೆನೋ?" ಹುಡುಗ ಸ್ವಲ್ಪ ಹೊತ್ತು ರೊಟ್ಟಿಯನ್ನೇ ನೋಡಿ, "ಕಡಿಮೆ... ಕೂಡಿಸಿದ ಮೇಲೆ ಕಡಿಮೆ ಹೆಂಗ ಆಗತೈತ್ರಿ ಅಕ್ಕೋರ?" ಅಂದ. ನಮ್ಮ ಕಡೆ ಟೀಚರಮ್ಮನನ್ನು ಕರೆಯುವ ಆ "ಅಕ್ಕೋರ" ಅನ್ನೋ ಮಾತನ್ನು ಅವಳು ದಾರಿಯುದ್ದಕ್ಕೂ ನನಗೆ ನಾಲ್ಕು ಸಲ ಹೇಳಿದಳು.

ಆ ಆರು ಜನರಲ್ಲಿ ನಾಲ್ವರು ಬಿಎಡ್‌ಗೆ ಅರ್ಜಿ ಹಾಕಿದರು. ಮನೆಯವರನ್ನು ಒಪ್ಪಿಸುವುದೇ ಕಷ್ಟವಾಯಿತು, ಯಾಕೆಂದರೆ 2015ರಿಂದ ಬಿಎಡ್ ಎರಡು ವರ್ಷದ್ದಾಗಿದೆ, ಡಿಗ್ರಿ ಆದಮೇಲೂ ಮಗಳು ಮತ್ತೆರಡು ವರ್ಷ ಓದಬೇಕಾ ಅಂತ ಅಪ್ಪಂದಿರು ಕೇಳುತ್ತಾರೆ. ಅವರ ಮನೆಗೇ ಹೋಗಿ ಕೂತು ಮಾತಾಡಿದೆ.

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ತಯಾರಿಯಲ್ಲೂ ಒಂದು ವಿಷಯ ಗಮನಿಸಿದೆ. 6ರಿಂದ 8ನೇ ತರಗತಿಗೆ ಇರುವ ಎರಡನೇ ಪತ್ರಿಕೆ 150 ಅಂಕದ್ದು, ಅದರಲ್ಲಿ ಗಣಿತ-ವಿಜ್ಞಾನಕ್ಕೆ 60 ಮಾತ್ರ. ಉಳಿದ 90 ಎರಡು ಭಾಷೆ ಮತ್ತು ಮಕ್ಕಳ ಬೆಳವಣಿಗೆಯದ್ದು. ನಮ್ಮವರು ಸುಮ್ನೆ ಲೆಕ್ಕವನ್ನೇ ಬಿಡಿಸುತ್ತಾ ಕೂರುತ್ತಾರೆ. ಈಗ ದಿನಾ ಒಂದು ಗಂಟೆ ಕನ್ನಡ ಗದ್ಯ ಓದಿಸುತ್ತೇನೆ.

ಆ ಹುಡುಗಿ ಈಗ ಬಿಎಡ್ ಮೊದಲ ವರ್ಷದಲ್ಲಿದ್ದಾಳೆ, ಊರಲ್ಲಿದ್ದರೆ ಶನಿವಾರ ಈಗಲೂ ಬರುತ್ತಾಳೆ. ಮೈನಸ್ ಮೂರನ್ನು ಮೈನಸ್ ನಾಲ್ಕರಿಂದ ಗುಣಿಸಿದರೆ ಪ್ಲಸ್ ಹನ್ನೆರಡು ಯಾಕೆ ಅಂತ ಹೋದ ವಾರ ಒಬ್ಬ ಕೇಳಿದ. ರೊಟ್ಟಿ ಇಲ್ಲಿ ನಡೆಯಲ್ಲ ಅಲ್ವಾ, ಅದಕ್ಕೇ ಇಬ್ಬರೂ ಬೇರೆ ದಾರಿ ಹುಡುಕುತ್ತಿದ್ದೇವೆ.