ಕಲ್ಯಾಣಿಯ ಮುಂದೆ ಮೂರು ಆಯಾಮದ ಪ್ಯಾನೊರಮಾ ತೆಗೆಯುವ ಕ್ರಮ

ಹಲವು ಚಿತ್ರಗಳನ್ನು ಬೆಸೆದು, ಎರಡು ಕಣ್ಣಿಗೆ ತುಸು ಬೇರೆಬೇರೆಯಾದ ಎರಡು ನೋಟಗಳನ್ನು ಒದಗಿಸಿ ಆಳ ತೋರಿಸುವ ಅಗಲವಾದ ಚಿತ್ರವೇ ಮೂರು ಆಯಾಮದ ಪ್ಯಾನೊರಮಾ. ಅದನ್ನು ತೆಗೆಯಲೆಂದು ನಂದಿಬೆಟ್ಟಕ್ಕೆ ಹೊರಟವರು ಮೇಲೆ ಹತ್ತುವ ಬದಲು ತಪ್ಪಲಿನ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯಕ್ಕೆ ಹೋಗುವುದು ಲೇಸು. 1,478 ಮೀಟರ್ ಎತ್ತರದಿಂದ ಕಾಣುವ ಬಯಲು, ಗುಡ್ಡಗಳು ಎಷ್ಟೇ ಸೊಗಸಾಗಿದ್ದರೂ ಬಹಳ ದೂರದಲ್ಲಿರುವುದರಿಂದ ಎರಡೂ ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಚಿತ್ರದಲ್ಲಿ ಅವು ಗೋಡೆಗೆ ಅಂಟಿಸಿದ ಕ್ಯಾಲೆಂಡರಿನಂತೆ ಚಪ್ಪಟೆಯಾಗಿಬಿಡುತ್ತವೆ. ದೇವಾಲಯದ ಕಲ್ಯಾಣಿಯಲ್ಲಾದರೆ ಹತ್ತಿರದ ಕಂಬ, ಕೆಳಗಿಳಿಯುವ ಮೆಟ್ಟಿಲುಸಾಲು, ಆಚೆ ಬದಿಯ ಮಂಟಪ ಹೀಗೆ ಆಳವು ಹಂತಹಂತವಾಗಿ ತೆರೆದುಕೊಳ್ಳುತ್ತದೆ. ಇದು ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್ ಊರುವ ಮೊದಲೇ ಅನುಮತಿ ಪಡೆದಿರಬೇಕು.

ಸಾಮಾನ್ಯ ಪ್ಯಾನೊರಮಾದಲ್ಲಿ ಲೆನ್ಸ್ ಇದ್ದಲ್ಲೇ ತಿರುಗಬೇಕು. ಅದು ಜಾಗ ಬಿಟ್ಟು ಸರಿದರೆ ಹತ್ತಿರದ ಕಂಬವೂ ದೂರದ ಗೋಡೆಯೂ ಹೊಂದಿಕೊಳ್ಳದೆ ಬೆಸುಗೆ ಕೆಡುತ್ತದೆ. ಮೂರು ಆಯಾಮದ್ದರಲ್ಲಿ ನಿಯಮ ತಿರುವುಮುರುವು: ಆ ಸರಿದಾಟದಿಂದಲೇ ಆಳ ಹುಟ್ಟುವುದರಿಂದ ಲೆನ್ಸನ್ನು ಟ್ರೈಪಾಡಿನ ತಿರುಗುವ ಅಕ್ಷದಿಂದ ಬೇಕೆಂದೇ ಮುಂದಕ್ಕೆ ಚಾಚಿ ಕೂರಿಸಬೇಕು. ಸುಮಾರು 12.5 ಸೆಂಟಿಮೀಟರ್ ಮುಂದಿಟ್ಟು, ಪ್ರತಿ ಚಿತ್ರದ ನಡುಗೆರೆಯಿಂದ ಎಡಕ್ಕೆ 15 ಡಿಗ್ರಿ, ಬಲಕ್ಕೆ 15 ಡಿಗ್ರಿ ಕೋನದಲ್ಲಿರುವ ಕಿರಿದಾದ ಪಟ್ಟಿಗಳನ್ನು ಬಳಸಿದರೆ, ಎರಡು ನೋಟಗಳ ನಡುವಿನ ಅಂತರವು ಮನುಷ್ಯನ ಕಣ್ಣುಗಳ ಅಂತರದಷ್ಟೇ, ಅಂದರೆ ಸುಮಾರು 6.5 ಸೆಂಟಿಮೀಟರ್ ಆಗುತ್ತದೆ. ಈ ಅಂತರದ ಮೂವತ್ತು ಪಟ್ಟು ದೂರದೊಳಗೆ ಏನೂ ಇರಬಾರದೆಂಬುದು ರೂಢಿಯ ಲೆಕ್ಕ. ಆದ್ದರಿಂದ ತೀರ ಹತ್ತಿರದ ಕಂಬವೂ ಎರಡು ಮೀಟರ್ ಆಚೆಗಿರಲಿ.

ಕ್ಯಾಮೆರಾವನ್ನು ಉದ್ದ ಬದಿ ಮೇಲ್ಮುಖವಾಗುವಂತೆ ಲಂಬವಾಗಿ ನಿಲ್ಲಿಸಿ, ಫುಲ್ ಫ್ರೇಮ್ ಕ್ಯಾಮೆರಾದ 28 ಮಿಲಿಮೀಟರ್ ಲೆನ್ಸಿಗೆ ಸಮನಾದ ಅಗಲ ಕೋನವಿಟ್ಟು, ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಮ್ಯಾನುಯಲ್‌ಗೆ ಹಾಕಬೇಕು. ಕಂಬಸಾಲಿನ ನೆರಳಿನಿಂದ ಕಲ್ಯಾಣಿಯ ಬಿಸಿಲಿಗೆ ತಿರುಗುವಾಗ ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಂಡರೆ ಪಟ್ಟಿಪಟ್ಟಿಯಾಗಿ ಬಣ್ಣ ಬದಲಾಗುತ್ತದೆ. ಲೆನ್ಸಿನೊಳಗೆ ಬೆಳಕು ಬಿಡುವ ದ್ವಾರ (ಅಪರ್ಚರ್) ಎಫ್ 8ರ ಆಸುಪಾಸಿನಲ್ಲಿದ್ದರೆ ಸಾಕು. ಟ್ರೈಪಾಡಿನ ಮಟ್ಟವನ್ನು ಮಾತ್ರ ಎರಡೆರಡು ಬಾರಿ ನೋಡಿಕೊಳ್ಳಿ. ಎಡ-ಬಲ ನೋಟಗಳಲ್ಲಿ ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ ಇದ್ದರೂ ನೋಡುವವರಿಗೆ ತಲೆನೋವು ಬರುತ್ತದೆ.

ಮೂರು ಡಿಗ್ರಿಗೊಂದರಂತೆ ಬಲಕ್ಕೆ ತಿರುಗಿಸುತ್ತಾ ಹೋದರೆ 90 ಡಿಗ್ರಿಗೆ ಸುಮಾರು 30 ಚಿತ್ರಗಳು ಬೇಕಾಗುತ್ತವೆ. ಪಟ್ಟಿ ಕಿರಿದಾದಷ್ಟೂ ಬೆಸುಗೆ ಚೆನ್ನಾಗಿ ಕೂರುತ್ತದೆ. ಒಂದೇ ಕಂಬ ಮೊದಲು ಬಲಪಟ್ಟಿಯಲ್ಲಿ, ಸ್ವಲ್ಪ ಹೊತ್ತಿನ ಬಳಿಕ ಎಡಪಟ್ಟಿಯಲ್ಲಿ ಬೀಳುವುದರಿಂದ, ಆ ನಡುವೆ ಅಲುಗಾಡಿದ್ದೆಲ್ಲ ಎರಡು ಕಣ್ಣಿಗೆ ಎರಡು ಬಗೆಯಾಗಿ ಕಾಣುತ್ತದೆ. ಹಾಗಾಗಿ ಗಾಳಿಯಿಲ್ಲದ, ಭಕ್ತರು ಕಡಿಮೆಯಿರುವ ಬೆಳಗಿನ ಹೊತ್ತೇ ಸೂಕ್ತ. ಸೋನಿ ಕಂಪನಿ 2010ರಲ್ಲಿ ಕೆಲವು ಕ್ಯಾಮೆರಾಗಳಿಗೆ ತಂದ 3ಡಿ ಸ್ವೀಪ್ ಪ್ಯಾನೊರಮಾ ಸೌಲಭ್ಯವುಳ್ಳವರಿಗೆ ಇಷ್ಟೆಲ್ಲ ಶ್ರಮವಿಲ್ಲ, ಒಂದೇ ವೇಗದಲ್ಲಿ ಬೀಸಿದರಾಯಿತು. ಆದರೆ ಕೈ ಹಿಡಿತದಲ್ಲಿ ಇಷ್ಟು ನಿಖರತೆ ಸಿಗದು.

ಮನೆಗೆ ಬಂದ ಮೇಲೆ ಎಲ್ಲ ಚಿತ್ರಗಳ ಬಲಪಟ್ಟಿಗಳನ್ನು ಕತ್ತರಿಸಿ ಒಂದಾಗಿಸಿದರೆ ಎಡಗಣ್ಣಿನ ಪ್ಯಾನೊರಮಾ, ಎಡಪಟ್ಟಿಗಳನ್ನು ಒಂದಾಗಿಸಿದರೆ ಬಲಗಣ್ಣಿನದು ಸಿದ್ಧವಾಗುತ್ತದೆ. ಇದು ಅದಲುಬದಲಾದಂತೆ ತೋರಿದರೂ ಸರಿಯಾದ ಕ್ರಮವೇ. ಬೆಸೆಯಲು ಹಗಿನ್ ಎಂಬ ಉಚಿತ ತಂತ್ರಾಂಶವಿದೆ. ಎರಡಕ್ಕೂ ಒಂದೇ ಹೊಂದಾಣಿಕೆಗಳನ್ನು ಬಳಸಬೇಕು. ನೋಡುವಾಗ ಹತ್ತಿರದ ಕಂಬ ಆಚೆ ಮಂಟಪಕ್ಕಿಂತ ಹಿಂದೆ ಸರಿದಂತೆ ಕಂಡರೆ ಎಡ-ಬಲ ಕಡತಗಳು ಅದಲುಬದಲಾಗಿವೆ ಎಂದೇ ಅರ್ಥ.

ಒಂದೊಂದು ಕಣ್ಣಿಗೆ ಒಂದೊಂದೇ ನೋಟ ಕಾಣಿಸುವ ಕೆಂಪು-ನೀಲಿ ಕನ್ನಡಕಕ್ಕಾಗಿ ಸಿದ್ಧಪಡಿಸುವುದಾದರೆ ಎಡಚಿತ್ರದಿಂದ ಕೆಂಪು ಬಣ್ಣವನ್ನೂ ಬಲಚಿತ್ರದಿಂದ ಹಸಿರು-ನೀಲಿಗಳನ್ನೂ ತೆಗೆದುಕೊಳ್ಳಬೇಕು. ನಮ್ಮ ಕಡೆಯ ದೇವಸ್ಥಾನಗಳ ಗೋಡೆಗೆ ಬಳಿಯುವ ಸುಣ್ಣ-ಕೆಮ್ಮಣ್ಣಿನ ಪಟ್ಟೆಗಳಲ್ಲಿ ಕೆಂಪಾದವು ಇಂಥ ಕನ್ನಡಕದಲ್ಲಿ ಒಂದು ಕಣ್ಣಿಗೆ ಬೆಳ್ಳಗೆ, ಇನ್ನೊಂದಕ್ಕೆ ಕಪ್ಪಗೆ ಕಂಡು ಮಿನುಗುತ್ತವೆ. ಅಂಥ ಗೋಡೆ ಚೌಕಟ್ಟಿನೊಳಗಿದ್ದರೆ ಎರಡೂ ಚಿತ್ರಗಳನ್ನು ಮೊದಲೇ ಕಪ್ಪು-ಬಿಳುಪಿಗೆ ಬದಲಾಯಿಸಿಕೊಳ್ಳಬೇಕು.