ರಾತ್ರಿಯೆಲ್ಲಾ ನೆನೆಹಾಕ್ಬೇಡಿ, ಅದು ಕಡಲೆಕಾಳಲ್ಲ

ಮಗಳು ಆನ್‌ಲೈನಲ್ಲಿ ರನಂಕ್ಯುಲಸ್ ಅನ್ನೋ ಹೂಗಿಡದ ಗೆಡ್ಡೆ ತರಿಸಿದಾಗ ಪ್ಯಾಕೆಟ್ ಬಿಚ್ಚಿ ನೋಡಿ ನಂಗೆ ನಗುನೇ ಬಂತು. ಬಲ್ಬ್ ಅಂದ್ರೆ ಈರುಳ್ಳಿ ತರ ಇರುತ್ತೆ ಅನ್ಕೊಂಡಿದ್ದೆ, ಇದು ನೋಡಿದ್ರೆ ಒಂದು ಚಿಪ್ಪು ಬಾಳೆಹಣ್ಣನ್ನ ಉಗುರಷ್ಟು ಚಿಕ್ಕದು ಮಾಡಿ ಒಣಗಿಸಿಟ್ಟಂಗಿತ್ತು, ತಲೆ ಮೇಲೆ ಚೂರು ನವಿರು ಬೇರೆ. ಬೊಂಬೆ ಕೂರಿಸಿದ್ದ ಟೈಮು, ಚರ್ಪಿಗೆ ಕಡಲೆಕಾಳು ನೆನೆಹಾಕ್ತಾ ಇದ್ದೆ, ಪಕ್ಕದಲ್ಲೇ ಇನ್ನೊಂದು ಬಟ್ಲಲ್ಲಿ ಇವನ್ನೂ ಹಾಕಿ ಮಲಗಿಬಿಟ್ಟೆ. ಬೆಳಿಗ್ಗೆ ಚೆನ್ನಾಗಿ ಉಬ್ಬಿದ್ವು, ಖುಷಿಯಾಗಿ ನೆಟ್ಟೆ, ಒಂದು ವಾರ ಆದ್ಮೇಲೆ ಮಣ್ಣು ಕೆದಕಿದ್ರೆ ಕೊಳೆತ ವಾಸನೆ, ಕೈಗೆ ಲೋಳೆ. ಹತ್ತರಲ್ಲಿ ಒಂದೂ ಉಳೀಲಿಲ್ಲ.

ಆಮೇಲೆ ಗೊತ್ತಾಯ್ತು, ಮೂರು ನಾಲ್ಕು ಗಂಟೆ ನೆಂದ್ರೆ ಸಾಕು ಅಂತ. ಒಣಗಿದ ಬೇರು ಗಬಗಬ ಅಂತ ನೀರು ಕುಡಿಯುತ್ತೆ, ಅದಾದ್ಮೇಲೂ ನೀರಲ್ಲೇ ಇದ್ರೆ ಗಾಳಿ ಸಿಗದೆ ಕೊಳೆಯುತ್ತೆ. ತಣ್ಣೀರಲ್ಲಿ ಹಾಕಿ, ಮಧ್ಯೆ ಒಂದ್ಸಲ ನೀರು ಬದಲಾಯಿಸಿ, ಹೆಚ್ಚೂಕಮ್ಮಿ ಎರಡರಷ್ಟು ದಪ್ಪ ಆದ್ಮೇಲೆ ತೆಗೆದುಬಿಡಿ.

ಇನ್ನು ನಮ್ಮ ಮೈಸೂರಲ್ಲಿ ಇದನ್ನ ದಸರಾಕ್ಕೆ ಮುಂಚೆ ಮುಟ್ಟೋದೇ ಬೇಡ. ಇದು ಚಳಿ ಕೇಳೋ ಗಿಡ, ಹಗಲಲ್ಲಿ 25 ಡಿಗ್ರಿ ದಾಟಿ ಹಂಗೇ ಏರ್ತಾ ಹೋದ್ರೆ ಸಾಕಪ್ಪಾ ಅಂತ ಮುದುರ್ಕೊಂಡು ಮಲಗಿಬಿಡುತ್ತೆ. ನಮ್ಗೆ ಸಿಗೋ ಚಳಿನೇ ಡಿಸೆಂಬರ್ ಜನವರಿ ಅಷ್ಟೇ, ನೆಟ್ಟು ಹೂ ಬರೋಕೆ ಸುಮಾರು 90 ದಿನ ಬೇಕು, ನೀವೇ ಲೆಕ್ಕ ಹಾಕಿ. ನಾನು ಅಕ್ಟೋಬರ್ ಕೊನೇಲಿ ಶುರು ಮಾಡ್ತೀನಿ. ಆಗಿನ್ನೂ ಸೆಕೆ ಇರುತ್ತಲ್ಲ, ಅದಕ್ಕೆ ಫ್ರಿಜ್ಜೇ ಗತಿ. ನೆನೆಸಿದ ಗೆಡ್ಡೆನ ಕೋಕೋಪೀಟಲ್ಲಿ, ಅಂದ್ರೆ ತೆಂಗಿನ ನಾರಿನ ಪುಡೀಲಿ ಹೂತು (ಕೈಯಲ್ಲಿ ಹಿಂಡಿದ್ರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ಹಸಿ) ಡಬ್ಬಿಗೆ ಹಾಕಿ ಮುಚ್ಚಳ ಸಡ್ಲ ಬಿಟ್ಟು ತರಕಾರಿ ಬಾಕ್ಸಲ್ಲಿಡಿ. ಹತ್ತರಿಂದ ಹದಿನಾಲ್ಕು ದಿನ. ಮಧ್ಯೆ ಮಧ್ಯೆ ತೆಗೆದು ನೋಡಿ, ಬೂಷ್ಟು ಹಿಡಿದಿದ್ದನ್ನ ಎಸೀರಿ, ಇಲ್ಲಾಂದ್ರೆ ಪಕ್ಕದ್ದಕ್ಕೂ ಹಬ್ಬುತ್ತೆ. ಬಿಳಿ ದಾರದಂಥ ಬೇರು ಕಾಣಿಸಿದ ದಿನ ಕುಂಡಕ್ಕೆ ಹಾಕೋದು. ನಮ್ಮೆಜಮಾನ್ರು ಒಂದ್ಸಲ ಶುಂಠಿ ಅನ್ಕೊಂಡು ಹೊರಗೆ ತೆಗೆದಿಟ್ಟಿದ್ರು, ಡಬ್ಬಿ ಮೇಲೆ ಚೀಟಿ ಅಂಟಿಸೋದು ಒಳ್ಳೇದು.

ಮಣ್ಣಿಗೆ ದೊಡ್ಡ ಶಾಸ್ತ್ರ ಏನಿಲ್ಲ, ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್, ಜೊತೆಗೆ ಮರಳು ಧಾರಾಳವಾಗಿ, ಒಂದು ಹಿಡಿ ಬೇವಿನ ಹಿಂಡಿ. ಹತ್ತಿಂಚಿನ ಕುಂಡಕ್ಕೆ ಮೂರು ಗೆಡ್ಡೆ, ಬೆರಳು ಬೆರಳಾಗಿರೋ ಭಾಗ ಕೆಳಕ್ಕೆ, ನವಿರಿರೋ ತಲೆ ಮೇಲಕ್ಕೆ, ಮೇಲೆ ಎರಡಿಂಚು ಮಣ್ಣು. ನೆಟ್ಟ ದಿನ ಒಂದ್ಸಲ ನೀರು ಹಾಕಿ ಆಮೇಲೆ ಎಲೆ ಬರೋವರೆಗೂ ಕೈಕಟ್ಟಿ ಕೂತ್ಕೊಳ್ಳಿ, ಮೇಲ್ಮಣ್ಣು ಪೂರ್ತಿ ಒಣಗಿದ್ರೆ ಮಾತ್ರ ಸ್ವಲ್ಪ. ಆ ಟೈಮಲ್ಲಿ ಮಳೆನೂ ಹಿಡ್ಕೊಂಡಿರುತ್ತೆ, ಕುಂಡ ಸಜ್ಜಾ ಕೆಳಗೇ ಇರ್ಲಿ. ಎಲೆ ಬಂದ್ಮೇಲೆ ಬೆಳಗಿನ ಬಿಸಿಲು ಹನ್ನೊಂದು ಗಂಟೆವರೆಗೂ ಬೀಳೋ ಕಡೆ ಇಡಿ, ಮಧ್ಯಾಹ್ನದ್ದು ಬೇಡ. ನೀರು ಬುಡಕ್ಕೇ ಹಾಕಿ, ಎಲೆ ಮೇಲೆ ಸುರಿದ್ರೆ ಕೊಳೆ ರೋಗಕ್ಕೆ ನೀವೇ ಬಾ ಅಂದಂಗೆ. ಗಿಡಗಳು ಒತ್ತೊತ್ತಾಗಿದ್ರೆ ಬೂದಿ ರೋಗ ಬರುತ್ತೆ, ಮಧ್ಯೆ ಗಾಳಿ ಆಡ್ಬೇಕು. ಗಿಡದಲ್ಲಿ ಸಸ್ಯಹೇನು ಕಂಡ್ರೆ ಸಂಜೆ ಹೊತ್ತು ಬೇವಿನೆಣ್ಣೆ ಸ್ಪ್ರೇ.

ಒಂದು ಮಾತು ಮಾತ್ರ ಮರೀಬೇಡಿ, ಎಲೆ ನೋಡೋಕೆ ಥೇಟ್ ಕೊತ್ತಂಬರಿ ಸೊಪ್ಪಿನಂಗೇ ಇರುತ್ತೆ, ಆದ್ರೆ ತಿನ್ನೋದಲ್ಲ, ಹಸೀದು ಬಾಯಿಗೆ ಹೋದ್ರೆ ಉರಿ, ಹೊಟ್ಟೆ ಕೆಡುತ್ತೆ, ರಸ ತಾಗಿದ್ರೆ ಕೆಲವರಿಗೆ ಚರ್ಮನೂ ಕಡಿಯುತ್ತೆ. ನಮ್ಮ ಸೊಸೆ ಒಗ್ಗರಣೆ ಇಟ್ಟು ಅವಸರದಲ್ಲಿ ಅದನ್ನೇ ಚಿವುಟೋಕೆ ಹೋಗಿದ್ಲು, ನಾನು ಕಿರುಚಿದೆ. ಅವತ್ತಿಂದ ಕೊತ್ತಂಬರಿ ಕುಂಡ ಹಿತ್ಲಲ್ಲಿ, ಇದು ಮುಂದಿನ ಮೆಟ್ಲತ್ರ. ಬೆಕ್ಕು, ದನ, ಪುಟ್ಟ ಮಕ್ಕಳಿರೋ ಮನೇಲಿ ಎತ್ತರದಲ್ಲಿಡಿ.

ಸಂಕ್ರಾಂತಿ ಕಳೀತಿದ್ದಂಗೆ ಮೊಗ್ಗು ಕಾಣುತ್ತೆ, ಗೋಲಿಯಷ್ಟಿರುತ್ತೆ, ಬಿಚ್ಚಿದ್ರೆ ಪದರ ಮೇಲೆ ಪದರ, ಚಿರೋಟಿ ನೆನಪಾಗುತ್ತೆ ನಂಗೆ. ಮುಡಿಯೋಕೆ ಆಗಲ್ಲ ಬಿಡಿ, ಆ ವಿಷ್ಯದಲ್ಲಿ ನಮ್ಮ ಮಲ್ಲಿಗೆ ಮುಂದೆ ಇದು ನಿಲ್ಲಲ್ಲ. ಹೂದಾನಿಗಾದ್ರೆ ಪೂರ್ತಿ ಅರಳೋಕೆ ಮುಂಚೆ, ಮೊಗ್ಗು ಬಣ್ಣ ತಿರುಗಿ ಒತ್ತಿದ್ರೆ ಸ್ಪಂಜಿನಂಗೆ ಮೆತ್ತಗಿದ್ದಾಗ ಬೆಳಿಗ್ಗೆನೇ ಕತ್ತರಿಸಿ, ದಿನಾ ನೀರು ಬದಲಾಯಿಸಿದ್ರೆ ಒಂದು ವಾರ ಆರಾಮಾಗಿ ಇರುತ್ತೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿತು ಅಂದ್ರೆ ಎಲೆನೂ ಹಳದಿ ತಿರುಗುತ್ತೆ, ಗಾಬರಿಯಾಗಿ ನೀರು ಸುರೀಬೇಡಿ, ನಿಲ್ಲಿಸಿಬಿಡಿ. ಪೂರ್ತಿ ಒಣಗಿದ್ಮೇಲೆ ಗೆಡ್ಡೆ ಅಗೆದು ನೆರಳಲ್ಲಿ ಆರಿಸಿ ಪೇಪರ್ ಕವರಲ್ಲಿ ಒಣ ಮರಳಿನ ಜೊತೆ ಕಟ್ಟಿಡಿ, ಪ್ಲಾಸ್ಟಿಕ್ ಬೇಡ, ಬೆವರುತ್ತೆ. ನಂದು ಬೊಂಬೆ ಪೆಟ್ಟಿಗೆಯಲ್ಲೇ ಇಟ್ಟಿದೀನಿ, ಪಟ್ಟದ ಬೊಂಬೆ ತೆಗೆಯೋವಾಗ ತಾನಾಗೇ ಕೈಗೆ ಸಿಗುತ್ತೆ.