ಎ.ಪಿ.ಗಳ ಎಣಿಕೆ ಬಿಟ್ಟು ಒಂದೇ ಸರಣಿ ಹಿಡಿದ ನಾಲ್ಕು ವರ್ಷ: ನನ್ನ ಅನುಭವ

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು "ನಿಮ್ಮ ಮಗಳದ್ದು ಎಷ್ಟು ಎ.ಪಿ.?" ಎಂಬ ಪ್ರಶ್ನೆಯಲ್ಲಿ. ಎ.ಪಿ. ಎಂದರೆ ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಕೋರ್ಸು ಮತ್ತು ಅದರ ಪರೀಕ್ಷೆ. ನನ್ನ ಮಗಳು ಹನ್ನೆರಡನೆಯ ತರಗತಿ ಮುಗಿಸುವ ಹೊತ್ತಿಗೆ ಆರೇಳು ಎ.ಪಿ. ಮಾಡಿದ್ದಳು. ಅವಳ ಓರಗೆಯವರಲ್ಲಿ ಹನ್ನೆರಡು, ಹದಿಮೂರು ಮಾಡಿದವರಿದ್ದರು. ಆಗ ನಮ್ಮ ಯೋಜನೆಯನ್ನು ಕೇಳಿ ಮೂಗು ಮುರಿದವರೇ, ಅವಳು ಯು.ಸಿ.ಯ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ) ಒಂದು ಕ್ಯಾಂಪಸ್ಸಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯನ್ನು ಎರಡು ಕ್ವಾರ್ಟರ್ (ಓದಿನ ವರ್ಷದ ಮೂರು ಅವಧಿಗಳಲ್ಲಿ ಎರಡರಷ್ಟು) ಮೊದಲೇ ಮುಗಿಸಿದ ಮೇಲೆ, ಈಗ ಫೋನ್ ಮಾಡಿ ವಿವರ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುವುದು ಕಷ್ಟವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಎ-ಜಿ ಪಟ್ಟಿ (ಯು.ಸಿ. ಪ್ರವೇಶಕ್ಕೆ ಬೇಕಾದ ಹೈಸ್ಕೂಲು ವಿಷಯಗಳು), ಎ.ಪಿ. ಪರೀಕ್ಷೆ, ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಸರಕಾರಿ ಕಾಲೇಜಿನ) ಡ್ಯುಯಲ್ ಎನ್‌ರೋಲ್‌ಮೆಂಟ್ (ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜು ಕೋರ್ಸು ಮಾಡುವುದು) ಇವುಗಳ ಬಗ್ಗೆ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ನಾವು ಯೋಜನೆ ಹಾಕಿದ್ದು ಒಂಬತ್ತನೆಯ ತರಗತಿಯಿಂದ ಮೇಲಕ್ಕಲ್ಲ, ವಿಶ್ವವಿದ್ಯಾಲಯದ ಎರಡನೆಯ ವರ್ಷದಿಂದ ಕೆಳಕ್ಕೆ. ಎಂಜಿನಿಯರಿಂಗ್ ವಿಭಾಗಗಳು ತಮ್ಮ ನಾಲ್ಕು ವರ್ಷದ ಪಠ್ಯಯೋಜನೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿರುತ್ತವೆ. ಅದನ್ನು ಮುದ್ರಿಸಿಕೊಂಡು, ಮೊದಲ ಎರಡು ವರ್ಷಗಳ ಪ್ರತಿ ಕೋರ್ಸಿನ ಪಕ್ಕದಲ್ಲಿ "ಇದಕ್ಕೆ ಮುಂಚೆ ಏನು ಮುಗಿದಿರಬೇಕು" ಎಂದು ಬರೆಯುತ್ತ ಹೋದೆವು. ಆಗ ಒಂದು ವಿಷಯ ಕಣ್ಣಿಗೆ ಹೊಡೆದು ಕಾಣುತ್ತದೆ. ಇಪ್ಪತ್ತಕ್ಕೂ ಹೆಚ್ಚು ಕೋರ್ಸುಗಳಲ್ಲಿ ಬಹುಪಾಲು ಯಾವಾಗ ಮಾಡಿದರೂ ನಡೆಯುತ್ತದೆ. ಆದರೆ ಕ್ಯಾಲ್ಕ್ಯುಲಸ್, ಮಲ್ಟಿವೇರಿಯಬಲ್ ಕ್ಯಾಲ್ಕ್ಯುಲಸ್, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ಸ್, ಅವುಗಳ ಜೊತೆಜೊತೆಗೆ ಫಿಸಿಕ್ಸ್, ಇವು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುತ್ತವೆ. ಪದವಿಯ ಅವಧಿಯನ್ನು ನಿರ್ಧರಿಸುವುದು ಈ ಸರಣಿಯೇ. ಇದರಲ್ಲಿ ಎರಡು ಮೆಟ್ಟಿಲು ಮುಂದಿದ್ದವರು ಪದವಿಯಲ್ಲೂ ಮುಂದಿರುತ್ತಾರೆ. ಸರಣಿಯ ಹೊರಗೆ ಹತ್ತು ಎ.ಪಿ. ಮಾಡಿದವರು ಯೂನಿಟ್ಟುಗಳ (ಪದವಿಗೆ ಲೆಕ್ಕವಾಗುವ ಕ್ರೆಡಿಟ್ಟುಗಳ) ದೊಡ್ಡ ಗಂಟು ಹೊತ್ತುಕೊಂಡು ಬಂದರೂ ಮೂರನೆಯ ವರ್ಷದ ಕೋರ್ಸಿಗೆ ಮೂರನೆಯ ವರ್ಷದವರೆಗೆ ಕಾಯಲೇಬೇಕು.

ಎಣಿಕೆಯ ಬಗ್ಗೆ ಇನ್ನೊಂದು ಮಾತು. ಯು.ಸಿ. ಪ್ರವೇಶಕ್ಕೆ ಲೆಕ್ಕ ಹಾಕುವ ಜಿ.ಪಿ.ಎ.ಯಲ್ಲಿ (ಗ್ರೇಡುಗಳ ಸರಾಸರಿಯಲ್ಲಿ) ಹತ್ತು ಮತ್ತು ಹನ್ನೊಂದನೆಯ ತರಗತಿಗಳ ಗ್ರೇಡುಗಳು ಮಾತ್ರ ಬರುತ್ತವೆ, ಎ.ಪಿ.ಯಂಥ ಕೋರ್ಸುಗಳಿಗೆ ಹೆಚ್ಚುವರಿ ಅಂಕ ಸಿಗುವುದು ಗರಿಷ್ಠ ಎಂಟು ಸೆಮಿಸ್ಟರುಗಳಿಗೆ, ಅದರಲ್ಲೂ ಹತ್ತನೆಯ ತರಗತಿಯಿಂದ ನಾಲ್ಕಕ್ಕಿಂತ ಹೆಚ್ಚಿಲ್ಲ. ಎಂದರೆ ವರ್ಷಪೂರ್ತಿ ನಡೆಯುವ ನಾಲ್ಕು ಕೋರ್ಸುಗಳಾದ ಮೇಲೆ ಐದನೆಯದು ಈ ಲೆಕ್ಕವನ್ನು ಮೇಲಕ್ಕೆತ್ತುವುದಿಲ್ಲ, ಅಲ್ಲಿ ಬಿ ಬಂದರೆ ಕೆಳಕ್ಕೆ ಮಾತ್ರ ಎಳೆಯುತ್ತದೆ. ಪ್ರವೇಶದ ಅಧಿಕಾರಿಗಳು ಕೋರ್ಸುಗಳ ಗಟ್ಟಿತನವನ್ನು ಬೇರೆಯಾಗಿ ನೋಡುತ್ತಾರೆ, ಅದು ನಿಜ. ಆದರೆ ಗಟ್ಟಿತನ ತೋರಿಸಲು ಹನ್ನೆರಡನೆಯ ತರಗತಿಯಲ್ಲಿ ಕಾಲೇಜಿನ ಮಲ್ಟಿವೇರಿಯಬಲ್ ಕ್ಯಾಲ್ಕ್ಯುಲಸ್ ಇರುವುದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆ ಕೆಳಗಿಳಿಯುತ್ತ ಬಂದರೆ ಹನ್ನೊಂದರಲ್ಲಿ ಕ್ಯಾಲ್ಕ್ಯುಲಸ್ ಬಿ.ಸಿ. (ಎ.ಪಿ.ಯ ಎರಡು ಕ್ಯಾಲ್ಕ್ಯುಲಸ್ ಕೋರ್ಸುಗಳಲ್ಲಿ ದೊಡ್ಡದು), ಹತ್ತರಲ್ಲಿ ಪ್ರಿಕ್ಯಾಲ್ಕ್ಯುಲಸ್, ಒಂಬತ್ತರಲ್ಲಿ ಆಲ್ಜೀಬ್ರಾ 2 ಆಗಬೇಕು. ಮಗಳು ಎಂಟನೆಯ ತರಗತಿಯಲ್ಲಿ ಆಲ್ಜೀಬ್ರಾ 1 ಮುಗಿಸಿದ್ದಳು. ನಡುವೆ ಜಾಮೆಟ್ರಿಗೆ ಜಾಗವೇ ಇರಲಿಲ್ಲ. ನಮ್ಮ ಶಾಲಾ ಜಿಲ್ಲೆ ಒಪ್ಪುವ ಆನ್‌ಲೈನ್ ಕೋರ್ಸೊಂದನ್ನು ಆ ಬೇಸಿಗೆಯಲ್ಲಿ ಮಾಡಿಸಿದೆವು. ನೆನಪಿರುವಂತೆ 700 ಡಾಲರಿನ ಆಸುಪಾಸು ಆಯಿತು, ಮತ್ತು ಇಡೀ ನಾಲ್ಕು ವರ್ಷಗಳಲ್ಲಿ ನಾವು ಮಾಡಿದ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಆದರೆ ಕೋರ್ಸು ಮುಗಿದ ಕೂಡಲೇ ಬೇಸಿಗೆ ಮುಗಿಯಿತೆಂದು ಬಿಡಬಾರದು. ಆರೇಳು ವಾರದಲ್ಲಿ ಕಲಿತ ಜಾಮೆಟ್ರಿ ಅಷ್ಟೇ ವೇಗವಾಗಿ ಮರೆತುಹೋಗುತ್ತದೆ, ಪ್ರಿಕ್ಯಾಲ್ಕ್ಯುಲಸ್ಸಿನ ತ್ರಿಕೋನಮಿತಿ ಬಂದಾಗ ಅದರ ಬೆಲೆ ತೆರಬೇಕಾಗುತ್ತದೆ. ಮಗಳು ಹತ್ತನೆಯ ತರಗತಿಯ ಮೊದಲ ಎರಡು ತಿಂಗಳು ತಿಣುಕಿದ್ದು ಇದೇ ಕಾರಣಕ್ಕೆ. ವಾರಕ್ಕೆರಡು ಸಂಜೆ ಹಳೆಯ ಜಾಮೆಟ್ರಿ ಲೆಕ್ಕಗಳನ್ನು ಮತ್ತೆ ಮಾಡಿಸಿದ ಮೇಲೆಯೇ ದಾರಿಗೆ ಬಂದಳು.

ಮೊದಲು ಚಿಕ್ಕದಾದ ಕ್ಯಾಲ್ಕ್ಯುಲಸ್ ಎ.ಬಿ., ಆಮೇಲೆ ಬಿ.ಸಿ. ಮಾಡಿಸಿ ಎಂದು ಶಾಲೆಯಲ್ಲಿ ಹೇಳಿದರು. ನಾವು ಒಪ್ಪಲಿಲ್ಲ. ಬಿ.ಸಿ.ಯ ಒಳಗೆ ಎ.ಬಿ. ಪೂರ್ತಿ ಇದೆ, ಎ.ಬಿ. ಭಾಗದ ಅಂಕವನ್ನು ಪ್ರತ್ಯೇಕವಾಗಿಯೂ ಕೊಡುತ್ತಾರೆ, ಯು.ಸಿ.ಯಲ್ಲಿ ಎರಡೂ ಸೇರಿ ಸಿಗುವುದು ಗರಿಷ್ಠ 8 ಕ್ವಾರ್ಟರ್ ಯೂನಿಟ್. ಪ್ರಿಕ್ಯಾಲ್ಕ್ಯುಲಸ್ಸಿನಲ್ಲಿ ಗಟ್ಟಿಯಾದ ಎ ಇರುವ ಮಕ್ಕಳಿಗೆ ಎರಡು ವರ್ಷ ಕ್ಯಾಲ್ಕ್ಯುಲಸ್ ಮಾಡಿಸುವುದು ಒಂದು ವರ್ಷವನ್ನು ಕಳೆದುಕೊಳ್ಳುವ ಕೆಲಸ.

ನಮಗೆ ದೊಡ್ಡ ಪೆಟ್ಟು ಬಿದ್ದದ್ದು ಹನ್ನೆರಡನೆಯ ತರಗತಿಯ ವೇಳಾಪಟ್ಟಿಯಲ್ಲಿ. ಎ.ಪಿ. ಫಿಸಿಕ್ಸ್ ಸಿ (ಕ್ಯಾಲ್ಕ್ಯುಲಸ್ ಬಳಸುವ ಫಿಸಿಕ್ಸ್) ಇಡೀ ಶಾಲೆಗೆ ಒಂದೇ ಪೀರಿಯಡ್, ಎ.ಪಿ. ಇಂಗ್ಲಿಷ್ ಲಿಟರೇಚರ್ ಕೂಡ ಒಂದೇ, ಅದೂ ಅದೇ ಪೀರಿಯಡ್ಡಿಗೆ. ನೂರಾರು ಮಕ್ಕಳನ್ನು ನೋಡಿಕೊಳ್ಳುವ ಕೌನ್ಸೆಲರ್ ಫಿಸಿಕ್ಸ್ ಬಿಡಿ ಎಂದರು. ಹನ್ನೊಂದರಲ್ಲಿ ಎ.ಪಿ. ಇಂಗ್ಲಿಷ್ ಲ್ಯಾಂಗ್ವೇಜ್ ಆಗಿತ್ತು, ಯು.ಸಿ.ಯಲ್ಲಿ ಎರಡು ಇಂಗ್ಲಿಷ್ ಎ.ಪಿ.ಗಳಿಗೂ ಸೇರಿ 8 ಯೂನಿಟ್ಟೇ ಗರಿಷ್ಠ. ಎಂದರೆ ಲಿಟರೇಚರ್‌ನಿಂದ ಒಂದು ಯೂನಿಟ್ಟೂ ಹೊಸದಾಗಿ ಬರುವುದಿಲ್ಲ. ಆದರೆ ನಾಲ್ಕನೆಯ ವರ್ಷದ ಇಂಗ್ಲಿಷ್ ಕಡ್ಡಾಯ. ಯು.ಸಿ.ಗೆ ವರ್ಗಾವಣೆಯಾಗುವ ಕಾಲೇಜು ಕೋರ್ಸೊಂದು ಎ-ಜಿ ಲೆಕ್ಕದಲ್ಲಿ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ ಎಂಬ ನಿಯಮವನ್ನು ಹಿಡಿದು, ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಕಾಂಪೊಸಿಷನ್ ಮಾಡಿಸಿ ಆ ಪೀರಿಯಡ್ಡನ್ನು ಬಿಡಿಸಿಕೊಂಡೆವು. ಶಾಲೆಯ ಪದವಿ ನಿಯಮಕ್ಕೂ ಅದು ಸಲ್ಲುತ್ತದೆ ಎಂದು ಮೊದಲೇ ಬರಹದಲ್ಲಿ ಪಡೆದುಕೊಂಡಿದ್ದೆ. ಬಾಯಿಮಾತಿನ ಒಪ್ಪಿಗೆ ಸಾಲದು. ವಸಂತದಲ್ಲಿ ಒಪ್ಪಿದ ಕೌನ್ಸೆಲರ್ ಶರತ್ಕಾಲದಲ್ಲಿ ಬೇರೆ ಶಾಲೆಯಲ್ಲಿರಬಹುದು.

ಕಮ್ಯುನಿಟಿ ಕಾಲೇಜಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಕೈಬಿಡುವುದು ಇಲ್ಲೇ. ಪ್ರಾಂಶುಪಾಲರ ಮತ್ತು ಪೋಷಕರ ಸಹಿ ಇರುವ ಅರ್ಜಿ ಕೊಟ್ಟ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಕಾಲೇಜಿನ ಕ್ಯಾಂಪಸ್ಸಿಗೆ ತಾವಾಗಿ ಹೋಗಿ ಓದುವ ಹೈಸ್ಕೂಲು ಮಕ್ಕಳಿಗೆ ನೋಂದಣಿಯ ಸರದಿ ಬರುವುದು ಕಾಲೇಜಿನವರದ್ದೆಲ್ಲ ಮುಗಿದ ಮೇಲೆ. 2015ರ ಕಾನೂನಿನಡಿ ಶಾಲೆ ಮತ್ತು ಕಾಲೇಜುಗಳ ಒಪ್ಪಂದದಿಂದ ಹೈಸ್ಕೂಲಿನಲ್ಲೇ ನಡೆಯುವ ತರಗತಿಗಳ ಕಥೆ ಬೇರೆ, ಆದರೆ ಅವುಗಳಲ್ಲಿ ಮಲ್ಟಿವೇರಿಯಬಲ್ ಕ್ಯಾಲ್ಕ್ಯುಲಸ್ ನಮಗೆ ಸಿಗಲಿಲ್ಲ. ನಮ್ಮ ಸರದಿ ಬಂದಾಗ ಸಂಜೆಯ ಸೆಕ್ಷನ್ ತುಂಬಿ, ಕಾಯುವ ಪಟ್ಟಿಯಲ್ಲೂ ಹತ್ತಿಪ್ಪತ್ತು ಜನರಿದ್ದರು. ಅದರ ಮೇಲೆ ಇನ್ನೊಂದು ತೊಡಕೆಂದರೆ, ಕ್ಯಾಲ್ಕ್ಯುಲಸ್ಸಿನ ಮೊದಲೆರಡು ಸೆಮಿಸ್ಟರು ಆಗಿದೆಯೆಂದು ಕಾಲೇಜು ಒಪ್ಪುವತನಕ ಕಂಪ್ಯೂಟರು ಹೆಸರನ್ನೇ ತೆಗೆದುಕೊಳ್ಳುವುದಿಲ್ಲ. ಎ.ಪಿ. ಅಂಕಗಳು ಬರುವುದು ಜುಲೈಯಲ್ಲಿ, ಕಾಲೇಜು ಶುರುವಾಗುವುದು ಆಗಸ್ಟಿನಲ್ಲಿ. ಬಿ.ಸಿ.ಯಲ್ಲಿ 5 (ಗರಿಷ್ಠ ಅಂಕ) ಬಂದ ದಿನವೇ ಅಂಕಪಟ್ಟಿಯನ್ನು ಕಳುಹಿಸಿ, ಎರಡು ವಾರ ಬೆನ್ನು ಬಿದ್ದು ಆ ತಡೆಯನ್ನು ತೆಗೆಸಿದೆವು.

ಮೊದಲ ದಿನದ ತರಗತಿಗೆ ಅವಳು ಪಟ್ಟಿಯಲ್ಲಿ ಹೆಸರಿಲ್ಲದೆಯೇ ಹೋಗಿ ಕುಳಿತಳು. ಪಾಠ ಮುಗಿದ ಮೇಲೆ ಪ್ರೊಫೆಸರರು ಮೇಜಿನ ಮೇಲೆ ಹಾಜರಿ ಹಾಳೆ ಇಟ್ಟುಕೊಂಡು, ಬಾರದವರ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕಿ, ಉಳಿದ ಜಾಗಗಳಿಗೆ ಸಣ್ಣ ಚೀಟಿಗಳಲ್ಲಿ ಆ್ಯಡ್ ಕೋಡ್ (ತುಂಬಿದ ತರಗತಿಗೆ ಹೆಸರು ಸೇರಿಸಲು ಬೇಕಾದ ಸಂಕೇತ) ಬರೆದು ಕೊಡುತ್ತ ಬಂದರು. ಸುಮಾರು ಐದಾರು ಚೀಟಿಗಳಿದ್ದವು, ಸಾಲಿನಲ್ಲಿ ಅದರ ಎರಡು ಪಟ್ಟು ಜನ. "ಅಮ್ಮಾ, ನನಗೆ ಕೊಟ್ಟರು" ಎಂದು ಅವಳು ಪಾರ್ಕಿಂಗ್ ಜಾಗಕ್ಕೆ ಓಡಿ ಬಂದಳು, ಅಲ್ಲೇ ಕಾರಿನಲ್ಲಿ ಕುಳಿತು ಫೋನಿನಲ್ಲೇ ಕೋಡ್ ಒತ್ತಿದೆವು, ಏಕೆಂದರೆ ಅದರ ಅವಧಿ ಬಹಳ ದಿನ ಇರುವುದಿಲ್ಲ. ಅವಳು ಒಂದು ವಾರ ಮುಂಚೆ ಪ್ರೊಫೆಸರರಿಗೆ ಬರೆದ ಮೇಲ್ ಈ ಚೀಟಿಯ ಹಿಂದಿನ ನಿಜವಾದ ಕಾರಣ. ಅದರಲ್ಲಿ ಏನಿತ್ತು, ಜೊತೆಗೆ ಏನು ಲಗತ್ತಿಸಿದ್ದಳು ಎಂಬುದನ್ನು ನನ್ನ ಮಗನೂ ಹೈಸ್ಕೂಲು ಮುಗಿಸುವತನಕ ನಮ್ಮಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡನೆಯ ಸೆಮಿಸ್ಟರಿನಲ್ಲಿ ಬೇರೆ ಬಗೆಯ ತೊಂದರೆ. ಅದೇ ಕಾಲೇಜಿನಲ್ಲಿ ಲೀನಿಯರ್ ಆಲ್ಜೀಬ್ರಾ ಮತ್ತು ಡಿಫರೆನ್ಷಿಯಲ್ ಈಕ್ವೇಷನ್ಸ್ ಎರಡನ್ನೂ ಸೇರಿಸಿ ಒಂದೇ ಕೋರ್ಸು ಮಾಡಿದ್ದರು. ಅವಳ ಮನಸ್ಸಿನಲ್ಲಿದ್ದ ಕ್ಯಾಂಪಸ್ಸುಗಳಿಗೆ ಅವೆರಡೂ ಬೇರೆ ಬೇರೆಯಾಗಿ ಬೇಕು ಎಂಬುದು ಅಸಿಸ್ಟ್ ತಾಣದ (ಯಾವ ಕಮ್ಯುನಿಟಿ ಕಾಲೇಜು ಕೋರ್ಸು ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂದು ತೋರಿಸುವ ಜಾಲತಾಣದ) ಒಪ್ಪಂದ ಪಟ್ಟಿಯಲ್ಲಿ ಸ್ಪಷ್ಟವಾಗಿತ್ತು. ಸೇರಿದ್ದ ಕೋರ್ಸನ್ನು ಮೊದಲ ಕೆಲವು ವಾರಗಳೊಳಗೇ ಬಿಡಿಸಿದ್ದರಿಂದ ದಾಖಲೆಯಲ್ಲಿ ಡಬ್ಲ್ಯು (ಕೋರ್ಸು ನಡುವೆ ಬಿಟ್ಟ ಗುರುತು) ಬೀಳಲಿಲ್ಲ. ಇನ್ನೂ ಸ್ವಲ್ಪ ದೂರದ ಕಾಲೇಜಿನಲ್ಲಿ ತಡವಾಗಿ ಶುರುವಾಗುವ ಲೀನಿಯರ್ ಆಲ್ಜೀಬ್ರಾ ಸಿಕ್ಕಿತು. ವಾರಕ್ಕೆರಡು ರಾತ್ರಿ ಒಂದೂವರೆ ಗಂಟೆಯ ಪ್ರಯಾಣ. ನಮ್ಮವರು ಅದನ್ನು ಅಷ್ಟೂ ವಾರ ಬೇಸರವಿಲ್ಲದೆ ಮಾಡಿದರು. ಯಾವ ಕೋರ್ಸಿಗೂ ಹೆಸರು ಹಚ್ಚುವ ಮೊದಲು ಅದು ಯಾವ ಕ್ಯಾಂಪಸ್ಸಿನಲ್ಲಿ ಯಾವ ಕೋರ್ಸಾಗುತ್ತದೆ ಎಂದು ನೋಡುವ ಅಭ್ಯಾಸ ಇಲ್ಲಿ ನಮ್ಮನ್ನು ಉಳಿಸಿತು.

ನಡುವೆ ಎರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆವು. ಎನ್ವಿರಾನ್ಮೆಂಟಲ್ ಸೈನ್ಸನ್ನು ತರಗತಿಗೆ ಸೇರದೆ ಮನೆಯಲ್ಲೇ ಓದಿ ಪರೀಕ್ಷೆ ಬರೆದಳು. ತರಗತಿಯಿಲ್ಲದ ಪರೀಕ್ಷೆಯಿಂದ ಜಿ.ಪಿ.ಎ.ಗೆ ಏನೂ ಬರುವುದಿಲ್ಲ, ಯು.ಸಿ.ಯಲ್ಲಿ ಸಿಕ್ಕ 4 ಯೂನಿಟ್ಟುಗಳಿಗೆ ಎಂಜಿನಿಯರಿಂಗ್ ಪದವಿಯಲ್ಲಿ ಜಾಗ ಸಿಗಲಿಲ್ಲ. ಅದೇನಿದ್ದರೂ ಅವಳ ಕ್ಯಾಂಪಸ್ಸಿನಲ್ಲಿ ಕೋರ್ಸು ನೋಂದಣಿಯ ಸರದಿ ಒಟ್ಟು ಯೂನಿಟ್ಟುಗಳನ್ನು ನೋಡಿ ಬರುತ್ತಿದ್ದುದರಿಂದ, ಮೊದಲ ವರ್ಷದಲ್ಲೇ ಒಳ್ಳೆಯ ಸೆಕ್ಷನ್ನುಗಳನ್ನು ಆರಿಸಿಕೊಳ್ಳಲು ಅಷ್ಟಿಷ್ಟು ಉಪಯೋಗವಾಯಿತು. 100 ಡಾಲರಿಗೆ ಅದು ಮೋಸವೇನಲ್ಲ.

ಇನ್ನೊಂದು ಕನ್ನಡದ್ದು. ಎ.ಪಿ.ಯಲ್ಲಿ ಭಾರತದ ಯಾವ ಭಾಷೆಗೂ ಪರೀಕ್ಷೆಯಿಲ್ಲ, ಆದರೆ ಇಂಗ್ಲಿಷಲ್ಲದ ಭಾಷೆಯ ಎರಡು ವರ್ಷದ ಬೇಡಿಕೆಯನ್ನು ಪೂರೈಸಲು ಯು.ಸಿ. ಬೇರೆ ದಾರಿಗಳನ್ನೂ ಒಪ್ಪುತ್ತದೆ, ವಾರಾಂತ್ಯದ ಕನ್ನಡ ಶಾಲೆಯ ಓದನ್ನು ಕ್ರೆಡಿಟ್ಟಾಗಿ ಪರಿಗಣಿಸುವ ಶಾಲಾ ಜಿಲ್ಲೆಗಳೂ ಇವೆ. ನಮ್ಮಲ್ಲಿ ಅದು ಕೈಗೂಡುವಷ್ಟರಲ್ಲಿ ಅವಳು ಸ್ಪ್ಯಾನಿಷ್ ಎರಡನೆಯ ವರ್ಷ ಮುಗಿಸಿದ್ದಳು. ಮಗನಿಗೆ ಮಾತ್ರ ಒಂಬತ್ತರಲ್ಲೇ ಇದನ್ನು ಮಾಡಿಸಿ, ಬಿಡುವಾದ ಎರಡು ಪೀರಿಯಡ್ಡುಗಳನ್ನು ವಿಜ್ಞಾನಕ್ಕೆ ಕೊಟ್ಟಿದ್ದೇವೆ. ಅವನು ಕನ್ನಡ ಓದಿ ಬರೆಯುತ್ತಾನೆ ಎಂಬುದು ನನಗೆ ಆ ಪೀರಿಯಡ್ಡುಗಳಿಗಿಂತ ದೊಡ್ಡ ಸಂತೋಷ.

ಇನ್ನು ಹಣ. ನಮ್ಮ ಪರಿಚಯದವರೊಬ್ಬರು ಹೇಳಿಕಳಿಸಿದ ಖಾಸಗಿ ಸಲಹೆಗಾರರು ನಾಲ್ಕು ವರ್ಷದ ಯೋಜನೆಗೆ ಆರೇಳು ಸಾವಿರ ಡಾಲರ್ ಕೇಳಿದ್ದರು, ಅವರ ಮಾದರಿ ಯೋಜನೆಯಲ್ಲಿ ಹನ್ನೊಂದು ಎ.ಪಿ.ಗಳಿದ್ದವು. ನಮಗೆ ಒಟ್ಟು ಆದದ್ದು ಎ.ಪಿ. ಪರೀಕ್ಷೆಗಳಿಗೆ 700 ಡಾಲರಿನಷ್ಟು, ಜಾಮೆಟ್ರಿಗೆ ಹೆಚ್ಚುಕಡಿಮೆ ಅಷ್ಟೇ, ಕಾಲೇಜಿನ ಪುಸ್ತಕ ಮತ್ತು ಸಣ್ಣಪುಟ್ಟ ಶುಲ್ಕಗಳಿಗೆ ಮುನ್ನೂರು, ನಾನೂರು. ಯೂನಿಟ್ಟಿಗೆ 46 ಡಾಲರಿನ ಬೋಧನಾ ಶುಲ್ಕವನ್ನು ಹೈಸ್ಕೂಲು ಮಕ್ಕಳಿಗೆ ನಾವು ಹೋದ ಎರಡೂ ಕಾಲೇಜುಗಳಲ್ಲಿ ಬಿಟ್ಟಿದ್ದರು. ಕ್ಯಾಲ್ಕ್ಯುಲಸ್ ಪುಸ್ತಕದ ಹಳೆಯ ಆವೃತ್ತಿ 30 ಡಾಲರಿಗೆ ಸಿಕ್ಕಿತು. ಲೆಕ್ಕಗಳ ಸಂಖ್ಯೆ ಬದಲಾಗಿದ್ದರೆ ಸ್ನೇಹಿತರ ಪುಸ್ತಕದಿಂದ ಫೋಟೊ ತೆಗೆದುಕೊಂಡರೆ ಸಾಕು. ಈ ಕಡೆ ಉಳಿದದ್ದು ಎರಡು ಕ್ವಾರ್ಟರಿನ ಶುಲ್ಕ, ಕ್ವಾರ್ಟರಿಗೆ ಸುಮಾರು 5,000 ಡಾಲರ್, ಅದರ ಮೇಲೆ ಬಾಡಿಗೆ ಮತ್ತು ಊಟ. ಎಲ್ಲ ಸೇರಿ 20,000 ದಾಟುತ್ತದೆ. ಎ.ಪಿ. ಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನ ನವೆಂಬರಿನ ಮಧ್ಯದಲ್ಲೇ ಬರುತ್ತದೆ, ತಡವಾದರೂ 40 ಡಾಲರ್ ಹೆಚ್ಚು, ಹೆಸರು ಕೊಟ್ಟು ಬರೆಯದಿದ್ದರೂ 40 ಡಾಲರ್ ದಂಡ. ಆದ್ದರಿಂದ ಯಾವುದು ಸರಣಿಯಲ್ಲಿದೆ, ಯಾವುದು ಇಲ್ಲ ಎಂಬುದು ಅಕ್ಟೋಬರಿನೊಳಗೆ ತೀರ್ಮಾನವಾಗಿರಬೇಕು.

ಮಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ, ವೈದ್ಯಕೀಯದ ಕಡೆಗೆ ಒಲವು. ಅಕ್ಕನ ಹಾಳೆಯನ್ನು ಅವನಿಗೆ ಹಾಗೆಯೇ ಹಚ್ಚಲಾಗುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜು ಕೋರ್ಸುಗಳ ಗ್ರೇಡು ಶಾಶ್ವತವಾಗಿ ಉಳಿಯುತ್ತದೆ, ಮೆಡಿಕಲ್ ಸ್ಕೂಲಿನ ಅರ್ಜಿಯ ಜಿ.ಪಿ.ಎ.ಯಲ್ಲೂ ಸೇರುತ್ತದೆ, ಮೂಲ ವಿಜ್ಞಾನದ ಕೋರ್ಸುಗಳಿಗೆ ಎ.ಪಿ. ಕ್ರೆಡಿಟ್ಟನ್ನು ಒಪ್ಪದ ಮೆಡಿಕಲ್ ಸ್ಕೂಲುಗಳೂ ಹಲವಿವೆ. ಹೀಗಾಗಿ ಅವನ ಕೆಮಿಸ್ಟ್ರಿ ಮತ್ತು ಬಯಾಲಜಿ ಎ.ಪಿ.ಗಳನ್ನು ಕ್ರೆಡಿಟ್ಟಿಗಾಗಿ ಅಲ್ಲ, ಮೊದಲ ವರ್ಷದ ಕಷ್ಟ ಕಡಿಮೆಯಾಗಲೆಂದು ಇಟ್ಟಿದ್ದೇವೆ, ಕಾಲೇಜಿನಲ್ಲಿ ಅವನು ಮಾಡುವುದು ಸ್ಟ್ಯಾಟಿಸ್ಟಿಕ್ಸ್ ಒಂದನ್ನೇ, ಅದೂ ಹನ್ನೊಂದರ ನಂತರದ ಬೇಸಿಗೆಯಲ್ಲಿ.